ಸೋಬಾನೆಗೆ ಎಷ್ಟು ಮೈಕು?

ಪುಟ್ಟರಾಜುವಿಗೆ ಚೆನ್ನಾಗಿ ಬರುತ್ತಿದ್ದ ವಿದ್ಯೆ ಒಂದೇ. ವೇದಿಕೆಯ ಮೇಲೆ ಕುರ್ಚಿ ಹಾಕಿಸುವುದು. ನಗಬೇಡಿ. ಹಾಸನದ ಒಂದು ಸರ್ಕಾರಿ ಕಚೇರಿಯಲ್ಲಿ ಆತ ಗುಮಾಸ್ತ. ಅಲ್ಲಿ ಯಾವ ಸಮಾರಂಭ ನಡೆದರೂ ಯಾವ ಸಾಹೇಬರು ಮಧ್ಯೆ, ಯಾವ ಅಧ್ಯಕ್ಷರು ಅವರ ಬಲಕ್ಕೆ, ಯಾರ ಪಕ್ಕ ಯಾರನ್ನು ಕೂರಿಸಿದರೆ ಹೊಡೆದಾಟ ಆಗುತ್ತದೆ ಎಂಬುದೆಲ್ಲ ಆತನಿಗೆ ಬಾಯಿಪಾಠ. ಮೂಲೆಯ ಕುರ್ಚಿಯಲ್ಲಿ ಕೂತವರು ಕೂಡ ಹೆಚ್ಚಿನ ಮರ್ಯಾದೆ ಸಿಕ್ಕಿದ್ದು ತಮಗೇ ಎಂದು ಎದೆಯುಬ್ಬಿಸಿಕೊಂಡು ಮನೆಗೆ ಹೋಗುವಂತೆ ಮಾಡುವುದು ಸಾಮಾನ್ಯದ ಮಾತಲ್ಲ.

ಆದರೆ ಈ ವಿದ್ಯೆಯ ಮೇಲೆ ಪುಟ್ಟರಾಜುವಿಗೇ ಎಳ್ಳಷ್ಟೂ ಗೌರವ ಇರಲಿಲ್ಲ. ಆತ ತನ್ನನ್ನು ತಾನು ತಿಳಿದುಕೊಂಡಿದ್ದದ್ದು ಸೌಂಡ್ ಇಂಜಿನಿಯರ್ ಎಂದು. ಒಮ್ಮೆ ಆಫೀಸಿನ ಗಣೇಶೋತ್ಸವದಲ್ಲಿ ಮೈಕು ಕುಯ್ಯೆಂದು ಕಿರುಚಿಕೊಂಡಾಗ ಆತ ಯಾವುದೋ ಬಟನ್ನು ತಿರುಗಿಸಿದ್ದ, ಕಿರುಚಾಟ ನಿಂತಿತ್ತು. ಕರೆಂಟು ಹೋದದ್ದರಿಂದ ನಿಂತಿತು ಎಂದು ಕೆಲವರು ಹೇಳುತ್ತಾರೆ. ಹೇಳಿಕೊಳ್ಳಲಿ ಬಿಡಿ.

ಹೀಗಿರುವಾಗ ಮಗಳು ದೀಪಶ್ರೀಯ ಮದುವೆ ಗೊತ್ತಾಯಿತು. ಬಂಧುಗಳೆಲ್ಲ ಹಾಲಿನಲ್ಲಿ ಕೂತು ಕಾಫಿ ಕುಡಿಯುತ್ತಿದ್ದಾಗ ಹುಡುಗಿ ಒಂದು ಆಸೆ ಹೇಳಿಕೊಂಡಳು.

"ಅಪ್ಪ, ನನ್ ಧಾರೆ ಟೈಮಲ್ಲಿ ಸಿನಿಮಾ ಹಾಡು ಬೇಡ. ಸೋದರತ್ತೆ, ದೊಡ್ಡಮ್ಮ ಎಲ್ಲ ಸೋಬಾನೆ ಹೇಳ್ತಾರಲ್ಲ, ಅದೇ ಬೇಕು. ಎಲ್ಲರ ಮದುವೇಲೂ ಕೇಳಿದೀನಿ, ನನ್ ಮದುವೇಲೇ ಇಲ್ಲ ಅಂದ್ರೆ ಹೆಂಗೆ?"

ಆಸೆಯೇನೋ ಸಣ್ಣದು. ತೊಡಕು ಏನೆಂದರೆ, ಧಾರೆಯ ಹೊತ್ತಿಗೆ ಸೋದರತ್ತೆಯೂ ದೊಡ್ಡಮ್ಮನೂ ಕಳಸ ಹಿಡಿದು ಮಂಟಪದಲ್ಲಿ ನಿಂತಿರಬೇಕು. ಅವರು ನಿಂತು ಹಾಡಿದರೂ ಓಲಗದವರು, ಫೋಟೋದವರು, ಊಟದ ಮನೆಗೆ ನುಗ್ಗುವವರು ಇಷ್ಟು ಜನರ ಗದ್ದಲದಲ್ಲಿ ಕೇಳಿಸುವುದು ಯಾರಿಗೆ? ಮೊದಲೇ ರೆಕಾರ್ಡು ಮಾಡಿಟ್ಟುಕೊಂಡು ಸ್ಪೀಕರಿನಲ್ಲಿ ಹಾಕುವುದೊಂದೇ ದಾರಿ.

"ಅದು ಮನೇಲಿ ಆಗೋ ಕೆಲ್ಸ ಅಲ್ಲ ಬಿಡ್ರಣ್ಣ" ಎಂದ ರಜನೀಶ. ಈತ ಪುಟ್ಟರಾಜುವಿನ ಷಡ್ಡಕ, ಅಂದರೆ ಹೆಂಡತಿ ಸ್ನೇಹಲತಾಳ ತಂಗಿಯ ಗಂಡ. ಚನ್ನರಾಯಪಟ್ಟಣದಲ್ಲಿ ಶಾಮಿಯಾನ, ಡಿಜೆ ಬಾಡಿಗೆಗೆ ಕೊಡುವ ಕುಳ. "ನಾನು ಡಿಜೆ ಲಾರಿನೇ ತಂದು ನಿಲ್ಲಿಸ್ತೀನಿ. ಹಾಸನ ಗಡಗಡ ಅನ್ಬೇಕು! ನಿಮ್ಗ್ಯಾಕೆ ಈ ಮೈಕಿನ ಉಸಾಬರಿ? ನಿಮ್ಮ ಕೈಲಾಗಲ್ಲ."

ದೀಪಶ್ರೀಯ ಮುಖ ಸಪ್ಪಗಾಯಿತು. ಪುಟ್ಟರಾಜು ಕಾಫಿ ಲೋಟವನ್ನು ಠಣ್ಣನೆ ಕೆಳಗಿಟ್ಟ.

"ಏನಂದೆ? ನನ್ ಕೈಲಾಗಲ್ವಾ? ಇದೇ ಮನೇಲಿ, ನಾನೇ ರೆಕಾರ್ಡ್ ಮಾಡ್ತೀನಿ ಕಣಯ್ಯ! ಮಾಡ್ದೆ ಇದ್ರೆ ಮಗಳ ಮದುವೆ ದಿವ್ಸ ಈ ಮೀಸೆ ಬೋಳಿಸ್ಕಂಡು ಬೀಗರ ಮುಂದೆ ನಿಂತ್ಕತೀನಿ!"

"ನೀವು ಮಾಡ್ಬುಟ್ರೆ, ಆ ಮದುವೆ ಪಂಕ್ತೀಲಿ ಎಂಜಲೆಲೆ ನಾನೇ ಎತ್ತುತೀನಿ" ಎಂದ ರಜನೀಶ.

ಪುಟ್ಟರಾಜುವಿನ ತಲೆಯ ಮೇಲೆ ಕೂದಲು ಉಳಿದಿರಲಿಲ್ಲ. ದೇವರು ಅಲ್ಲಿ ಕಿತ್ತುಕೊಂಡದ್ದನ್ನೆಲ್ಲ ಮೂಗಿನ ಕೆಳಗೆ ಬಡ್ಡಿ ಸಮೇತ ಕೊಟ್ಟಿದ್ದ. ಅಂಥ ಮೀಸೆಯನ್ನು ಪಣಕ್ಕಿಟ್ಟಿದ್ದು ಕೇಳಿ ಸ್ನೇಹಲತಾ ಹಣೆ ಹಣೆ ಚಚ್ಚಿಕೊಂಡಳು. "ಏನ್ರೀ, ಬುದ್ಧಿ ಐತಾ? ಮದುವೆ ಮನೇಲಿ ಹೆಣ್ಣಿನಪ್ಪ ಮೀಸೆ ಬೋಳಿಸ್ಕಂಡು ನಿಂತ್ರೆ ಯಾರು ಓಗ್‌ಬುಟ್ರು ಅಂತ ಕೇಳಾಕಿಲ್ವಾ ಬೀಗರು?"

ಮಾತು ಬಾಯಿಂದ ಆಚೆ ಬಿದ್ದಾಗಿತ್ತು.

ಮಾರನೆಯ ದಿನವೇ ಪುಟ್ಟರಾಜು ಬಸ್ ಸ್ಟ್ಯಾಂಡಿನ ಹಿಂದಿರುವ ಬಸವೇಶನ ಸೌಂಡ್ ಅಂಗಡಿಯಲ್ಲಿ ಹಾಜರಾದ. ಬೇಕಾದದ್ದು ಮಿಕ್ಸರ್, ಮೈಕುಗಳಿಂದ ಬಂದ ದನಿಗಳನ್ನೆಲ್ಲ ಹದವಾಗಿ ಕೂಡಿಸಿ ಕಂಪ್ಯೂಟರಿಗೆ ಕಳಿಸುವ ಪೆಟ್ಟಿಗೆ. (ಚಟ್ನಿ ಅರೆಯುವ ಜೋಕನ್ನು ಆಫೀಸಿನವರು ಆಗಲೇ ಮಾಡಿ ಮುಗಿಸಿದ್ದರು. ನಾವು ಮತ್ತೆ ಮಾಡುವುದಿಲ್ಲ.) ಬಸವೇಶ ಮೂರು ಬಗೆ ತೆಗೆದಿಟ್ಟ. ಒಂದು ಊಟದ ಡಬ್ಬಿಯಷ್ಟು. ಒಂದು ಚಕ್ಲಿ ಹರಡುವ ತಟ್ಟೆಯಷ್ಟು. ಇನ್ನೊಂದು ಬಾಗಿಲಿನಷ್ಟು, ಅದು ಆರ್ಕೆಸ್ಟ್ರಾದವರದ್ದು.

ಪುಟ್ಟರಾಜು ಒಂದೊಂದನ್ನೂ ಹಲಸಿನಹಣ್ಣು ನೋಡುವಂತೆ ಬೆರಳಲ್ಲಿ ಬಡಿದು ನೋಡಿದ. ಕಿವಿ ಇಟ್ಟು ಕೇಳಿದ. ಎತ್ತಿ ತೂಕ ನೋಡಿದ. "ಬಾಡಿ ಗಟ್ಟಿ ಐತೆ" ಎಂದು ಗಂಭೀರವಾಗಿ ಅಪ್ಪಣೆ ಕೊಡಿಸಿದ.

"ಬಾಡಿ ಕಟ್ಕಂಡು ಏನ್ಮಾಡ್ತೀರಾ ಸಾ? ಎಷ್ಟು ಜನ ಹಾಡೋರು, ಅದು ಯೋಳಿ."

"ಎತ್ತಿ ಹೇಳೋರು ಇಬ್ರು."

"ಅಂಗಾದ್ರೆ ಈ ಡಬ್ಬಿನೇ ಸಾಕು. ಎಲ್ಡು ಮೈಕು ಸಿಕ್ಕಿಸ್ಬೋದು. ಈ ವೈರ್ನ ಲ್ಯಾಪ್‌ಟಾಪಿಗೆ ಚುಚ್ಚಿ, ಮುಗೀತು. ದೊಡ್ಡದು ತಗಂಡ್ರೆ ದುಡ್ಡು ದಂಡ. ಸರಿ ಓಗ್ಲಿಲ್ಲ ಅಂದ್ರೆ ತನ್ನಿ, ಬದ್ಲಾಯಿಸ್ಕೊಡ್ತೀನಿ. ರಟ್ಟಿನ ಡಬ್ಬ ಮಾತ್ರ ಅರೀಬೇಡಿ."

ಪಾಪ, ಬದಲಾಯಿಸಿಕೊಡುವ ಮಾತನ್ನು ಹೇಳಿ ತಾನೆಂಥ ತಪ್ಪು ಮಾಡಿದೆನೆಂದು ಬಸವೇಶನಿಗೆ ಗೊತ್ತಿರಲಿಲ್ಲ.

ಭಾನುವಾರ ಹಾಡುವವರು ಬಂದಿಳಿದರು. ಅರಕಲಗೂಡಿನಿಂದ ಪುಟ್ಟರಾಜುವಿನ ಅಕ್ಕ ಜಯಲಕ್ಷ್ಮಮ್ಮ. ಈಕೆ ಗದ್ದೆಯ ಆ ತುದಿಯಲ್ಲಿ ನಿಂತು "ಊಟಕ್ಕೆ ಬನ್ರೋ" ಎಂದರೆ ಪಕ್ಕದ ಊರಿನವರೂ ಕೈ ತೊಳೆದುಕೊಳ್ಳುತ್ತಿದ್ದರು. ಹೊಳೆನರಸೀಪುರದಿಂದ ಸ್ನೇಹಲತಾಳ ಅಕ್ಕ ನೀಲಾಂಬಿಕೆ. ಈಕೆಯದು ಇಂಪಾದ ಕಂಠ, ಆದರೆ ಪಕ್ಕದಲ್ಲಿ ಕೂತವರಿಗೂ ಕೇಳಿಸಿದರೆ ಕೇಳಿಸಿತು. ಇವರಿಬ್ಬರೂ ಎತ್ತಿ ಹೇಳುವವರು. ಅವರು ಹೇಳಿದ ಸೊಲ್ಲನ್ನು ತಿರುಗಿ ಹೇಳುವುದಕ್ಕೆ ಸಾಲಗಾಮೆಯಿಂದ ಪುಟ್ಟರಾಜುವಿನ ಮೂವರು ಚಿಕ್ಕಮ್ಮಂದಿರು. ಇವರು ಮೂವರೂ ಒಂದೇ ಬಸ್ಸಿನಲ್ಲಿ ಬರುತ್ತಾರೆ, ಒಂದೇ ತಟ್ಟೆಯ ಎಲೆ ಅಡಿಕೆ ಹಾಕಿಕೊಳ್ಳುತ್ತಾರೆ, ಸಿಟ್ಟು ಬಂದರೂ ಮೂವರಿಗೂ ಒಟ್ಟಿಗೇ ಬರುತ್ತದೆ.

ಅದು ಅವತ್ತು ಬಂತು.

"ಅವ್ರಿಬ್ರ ಮುಂದೆ ಮೈಕಿಟ್ಟಿದ್ದೀಯ. ನಮ್ಗೆಲ್ಲೋ ಮಗ?"

"ನೀವು ತಿರುಗಿ ಹೇಳೋರಲ್ವಾ ಚಿಕ್ಕವ್ವ, ಅವರ ಮೈಕಲ್ಲೇ ಕೇಳಿಸ್ತದೆ."

"ಓಹೋ! ಅಂದ್ರೆ ನಾವು ಬರೀ ಕೂಳಿಗೆ ಬಂದೋರು!"

ಜಯಲಕ್ಷ್ಮಮ್ಮ ಮೊದಲ ಸೊಲ್ಲು ಎತ್ತಿದಳು. ಚಿಕ್ಕಮ್ಮಂದಿರು ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡು ಗೋಡೆ ನೋಡಿದರು. ನೀಲಾಂಬಿಕೆ ಎರಡನೆಯದನ್ನು ಎತ್ತಿದಳು. ಚಿಕ್ಕಮ್ಮಂದಿರು ಇನ್ನೊಂದು ಗೋಡೆ ನೋಡಿದರು. ಸೊಲ್ಲು ತಿರುಗಿಸುವವರಿಲ್ಲದ ಸೋಬಾನೆ ಎರಡೇ ಸಾಲಿಗೆ ಕುಸಿದು ಕೂತಿತು.

ಸೋಮವಾರ ಪುಟ್ಟರಾಜು ಡಬ್ಬಿ ಕೊಟ್ಟು, ಮೇಲೊಂದಿಷ್ಟು ದುಡ್ಡು ಕಟ್ಟಿ, ಆರು ಮೈಕು ಸಿಕ್ಕಿಸುವ ತಟ್ಟೆ ತಂದ. ಇದರಲ್ಲಿ ತಿರುಗಿಸುವ ಬಟನ್ನುಗಳ ಜೊತೆಗೆ ಒಂದೊಂದು ಮೈಕಿಗೆ ಒಂದೊಂದರಂತೆ ಮೇಲಕ್ಕೂ ಕೆಳಕ್ಕೂ ಜಾರುವ ಬಟನ್ನುಗಳಿದ್ದವು. ಮೇಲೆ ತಳ್ಳಿದರೆ ದನಿ ಏರುತ್ತದೆ, ಕೆಳಗಿಳಿಸಿದರೆ ಇಳಿಯುತ್ತದೆ. ಇದರಲ್ಲಿ ಜಗಳಕ್ಕೆ ಏನಿದೆ ಎಂದು ನೀವು ಕೇಳಬಹುದು. ನಿಮಗೆ ಇಷ್ಟು ಜನ ಅತ್ತೆ ಚಿಕ್ಕಮ್ಮಂದಿರು ಇಲ್ಲ ಎಂದಾಯಿತು.

ಪುಟ್ಟರಾಜು ಆಫೀಸಿನ ಅಭ್ಯಾಸದಂತೆ ಒಂದೊಂದು ಬಟನ್ನಿನ ಕೆಳಗೂ ಬಿಳಿ ಚೀಟಿ ಅಂಟಿಸಿ ಹೆಸರು ಬರೆದಿದ್ದ. ಮೊದಲ ವೀಳ್ಯ ಯಾರಿಗೆ ಎಂದು ಕಾದಾಡಿ ಪಳಗಿದ ಕಣ್ಣುಗಳು ಆ ಚೀಟಿಗಳ ಮೇಲೆ ಓಡಾಡಿದವು.

"ಒಂದನೇ ನಂಬ್ರು ಜಯಕ್ಕಂಗೆ ಕೊಟ್ಟಿದ್ದೀರಾ" ಎಂದಳು ನೀಲಾಂಬಿಕೆ, ಯಾರಿಗೂ ಕೇಳಿಸದ ಹಾಗೆ ಎಲ್ಲರಿಗೂ ಕೇಳಿಸುವಂತೆ. "ನಮ್ಮ ಕಡೆಯೋರು ಐದನೇರು. ಆಗ್ಲಿ ಬಿಡಿ."

"ಅತ್ತಿಗೆ, ಆ ಕಡೆಯಿಂದ ಎಣಿಸ್ಕೊಂಡು ಬನ್ನಿ. ಮೊದ್ಲಿಂದು ಸ್ನೇಹಂದು, ಅವಳು ಮನೆಯೋಳು, ಲೆಕ್ಕಕ್ಕಿಲ್ಲ. ಆಮೇಲೆ ನೀವೇ ಅಲ್ವಾ?"

ನೀಲಾಂಬಿಕೆ ಎಣಿಸಿ ನೋಡಿ ತೃಪ್ತಳಾದಳು. ಆರನೆಯ ಮೈಕಿನ ಸ್ನೇಹಲತಾ ಅಡುಗೆಮನೆಗೂ ಹಾಲಿಗೂ ಓಡಾಡುತ್ತಿದ್ದವಳು ಅದನ್ನು ಕಿಟಕಿಯ ಕಟ್ಟೆಯ ಮೇಲೆ ಹೊರಗೆ ಮುಖ ಮಾಡಿ ಇಟ್ಟು ಒಗ್ಗರಣೆ ಹಾಕಲು ಹೋದಳು.

ಹಾಡು ಶುರುವಾಯಿತು. ಜಯಲಕ್ಷ್ಮಮ್ಮ ಬಾಯಿ ತೆರೆದೊಡನೆ ಶೋಕೇಸಿನ ಗಾಜು ಝಲ್ಲೆಂದಿತು. ಪುಟ್ಟರಾಜು ಗಾಬರಿಯಿಂದ ಅವಳ ಬಟನ್ನನ್ನು ಕೆಳಗಿಳಿಸಿದ, ಕೇಳಿಸದ ನೀಲಾಂಬಿಕೆಯದನ್ನು ಮೇಲಕ್ಕೇರಿಸಿದ. ಹಾಡು ಟಪ್ಪೆಂದು ನಿಂತಿತು.

"ಲೇ ಪುಟ್ಟ. ಏನ್ಲಾ ಮಾಡ್ದೆ ಈಗ?"

"ಏನಿಲ್ಲ ಅಕ್ಕಯ್ಯ, ಅಡ್ಜಸ್ಟು..."

"ನನ್ ಹೆಸ್ರು ಇರೋದ್ನ ಕೆಳೀಕೆ ತಳ್ಳಿ, ನಿನ್ನೆಂಡ್ತಿ ಕಡೆಯೋರ್ದ ಮೇಲಕ್ಕೇರಿಸ್ದೆ. ಕಣ್ಣಾರೆ ಕಂಡೆ ಕಣ್ಲಾ! ನಾನು ಎತ್ತಿ ಆಡ್ಸಿದ ತಮ್ಮ, ನನ್ ತವರ್ನಾಗೇ ನನ್ನ ಕೆಳೀಕೆ ಇಳಿಸ್ಬುಟ್ನಲ್ಲಪ್ಪೋ! ಎಲ್ಲಿ ನನ್ ಬ್ಯಾಗು? ಅರಕಲಗೂಡು ಬಸ್ಸು ಎಷ್ಟೊತ್ಗೆ?"

ಸೋದರತ್ತೆ ಮುನಿಸಿಕೊಂಡು ಹೋದರೆ ಕಳಸ ಹಿಡಿಯುವವರು ಯಾರು? ಪುಟ್ಟರಾಜು ಬಾಯಿಗೆ ಬಂದದ್ದನ್ನು ಒದರಿದ. "ಅಕ್ಕಯ್ಯ, ಅಕ್ಕಯ್ಯೋ, ತಡಿ! ಈ ಮಿಷನ್ನಾಗೆ ದೊಡ್ಡೋರು ಇರೋದೇ ಕೆಳಗೆ! ಮನೆಗೆ ಅಡಿಪಾಯ ಎಲ್ಲಿರ್ತದೆ? ಅಂಗೆ! ಚಿಕ್ಕೋರ್ನೆಲ್ಲ ಮೇಲೆ ಇಡೋದು."

ಜಯಲಕ್ಷ್ಮಮ್ಮ ಬ್ಯಾಗು ಕೆಳಗಿಟ್ಟಳು. "ಅಂಗನ್ನು ಮತ್ತೆ. ಅದ್ನ ಮೊದ್ಲೇ ಬೊಗಳಾಕೇನು?"

ಒಂದು ಬೆಂಕಿ ಆರಿತು. ಇನ್ನೊಂದು ಹೊತ್ತಿಕೊಂಡಿತು. "ಅಂದ್ರೆ ನಾನು ಚಿಕ್ಕೋಳಾ?" ಎಂದಳು ನೀಲಾಂಬಿಕೆ. "ನಮ್ಮನೇಲಿ ನಾನೇ ಹಿರಿ ಮಗಳು. ನಂದೂ ಇಳಿಸಿ." ಚಿಕ್ಕಮ್ಮಂದಿರು ಸುಮ್ಮನಿರುತ್ತಾರೆಯೇ? "ನಿನ್ನಪ್ಪನ ಸರೀಕರು ಕಣೋ ನಾವು! ತಳಕ್ಕೆ ಇಳ್ಸು!" ಎಂದು ಮೂವರೂ ಒಟ್ಟಿಗೆ ಗುಡುಗಿದರು. ಪುಟ್ಟರಾಜು ಎಲ್ಲರದನ್ನೂ ತಳಕ್ಕೆ ಇಳಿಸಿದ. ದೊಡ್ಡಸ್ತಿಕೆಯ ಚಿಂತೆಯಿಲ್ಲದ ಸ್ನೇಹಲತಾಳದು ಮಾತ್ರ ಮೇಲೇ ಉಳಿಯಿತು. ಹೆಡ್‌ಫೋನು ಕಿವಿಗೆ ಹಾಕಿದರೆ ಅಕ್ಕನ ಮಾತು ಕೇಳಿಸದೆ ಮತ್ತೊಂದು ಜಗಳವಾದೀತೆಂದು ಹೆದರಿ ಅದನ್ನು ಕತ್ತಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ತಲೆದೂಗುತ್ತ ರೆಕಾರ್ಡು ಮಾಡಿದ. ಹಾಡು ಮಾತ್ರ ಅದ್ಭುತವಾಗಿತ್ತು. ಎಲ್ಲರೂ ಸಮಾಧಾನದಲ್ಲಿದ್ದರಲ್ಲ!

ಸಂಜೆ ರಜನೀಶನನ್ನು ಕರೆಸಿದ್ದಾಯಿತು. ಪಕ್ಕದ ಮನೆಯ ನಾಗೇಶ್ ಮೇಷ್ಟ್ರು ಕರೆಯದಿದ್ದರೂ ಬಂದು, ತಿನ್ನಲು ಇಟ್ಟಿದ್ದ ಚಕ್ಲಿ ತಟ್ಟೆಯ ಪಕ್ಕ ಕೂತರು. ಪುಟ್ಟರಾಜು ಮೀಸೆ ಹುರಿಮಾಡಿ ಲ್ಯಾಪ್‌ಟಾಪು ಒತ್ತಿದ.

ಮೊದಲು ಬಂದದ್ದು ನೀರು ಬಾಯಿಗೆ ಹಾಕಿಕೊಂಡ ಶಬ್ದ. ಆಮೇಲೆ "ಗಳಗಳಗಳಗಳ ಥೂ." ಮತ್ತೆ "ಗಳಗಳಗಳಗಳ ಥೂ."

"ಇದ್ಯಾವ ರಾಗ ಅಣ್ಣ?" ಎಂದ ರಜನೀಶ.

ರಾಗವಲ್ಲ. ಕಿಟಕಿಯಾಚೆ ತಮ್ಮ ಹಿತ್ತಲಿನಲ್ಲಿ ನಾಗೇಶ್ ಮೇಷ್ಟ್ರು ಉಪ್ಪುನೀರು ಮುಕ್ಕಳಿಸಿದ್ದನ್ನು ಸ್ನೇಹಲತಾಳ ಮೈಕು ಹಿಡಿದಿತ್ತು. ಅದು ಮುಗಿದು ಫೋನಿನ ಮಾತು ಶುರುವಾಯಿತು, ಅಕ್ಷರ ಅಕ್ಷರವೂ ಗಂಟೆ ಹೊಡೆದ ಹಾಗೆ ಸ್ಪಷ್ಟ. "ಹೂಂ ಕಣೋ, ಪಕ್ಕದ್ಮನೆ ಪುಟ್ಟರಾಜು. ಮೀಸೆ ಓಯ್ತು ಅಂತಲೇ ಲೆಕ್ಕ. ಬಲ್ಬ್ ಹಾಕೋಕೇ ಬರಾಕಿಲ್ಲ ಆವಯ್ಯಂಗೆ, ರೆಕಾರ್ಡಿಂಗ್ ಅಂತೆ! ಚಕ್ಲಿ ಮಾತ್ರ ಚೆನ್ನಾಗ್ ಮಾಡ್ತಾರೆ ಆ ಮನೇಲಿ."

ಮೇಷ್ಟ್ರ ಬಾಯಲ್ಲಿದ್ದ ಚಕ್ಲಿ ಅಲ್ಲೇ ನಿಂತಿತು. ಐವರು ಹೆಂಗಸರು ಅರ್ಧ ದಿನ ಕಂಠ ಹರಿದುಕೊಂಡದ್ದರಲ್ಲಿ, ಹಿಂದೆಲ್ಲೋ ಗುಂಯ್ ಎಂಬ ಸದ್ದು ಬಿಟ್ಟರೆ, ಒಂದು ಸೊಲ್ಲೂ ಕೇಳಿಸಲಿಲ್ಲ. ರಜನೀಶ ಬಿದ್ದು ಬಿದ್ದು ನಕ್ಕು, ಫೋನು ತೆಗೆದು, "ಕ್ಷೌರಿಕರ ನಂಬ್ರು ಯಾರತ್ರಾದ್ರೂ ಐತಾ?" ಎಂದು ಕೇಳಿದ. ಬಂಧುಗಳು ತಲೆಗೊಂದು ಮಾತಾಡಿದರು. ಮಿಷನ್ನೇ ಸಣ್ಣದಾಯಿತು, ಆರ್ಕೆಸ್ಟ್ರಾದ್ದೇ ಬೇಕಿತ್ತು ಎಂಬಲ್ಲಿಗೆ ಎಲ್ಲರದೂ ಬಂದು ನಿಂತಿತು.

ಎಲ್ಲರೂ ಎದ್ದ ಮೇಲೆ ದೀಪಶ್ರೀ ಅಪ್ಪನ ಪಕ್ಕ ಬಂದು ಕೂತಳು. "ಪರ್ವಾಗಿಲ್ಲ ಬಿಡಪ್ಪ. ಚಿಕ್ಕಪ್ಪ ಡಿಜೆನೇ ತರ್ಲಿ. ನಂಗೇನೂ ಬೇಜಾರಿಲ್ಲ" ಎಂದಳು. ಬೇಜಾರಿಲ್ಲ ಎಂದವಳ ಕಣ್ಣು ತುಂಬಿತ್ತು. ಪುಟ್ಟರಾಜುವಿಗೆ ಮೀಸೆಯ ಚಿಂತೆ ಅಲ್ಲಿಗೆ ಬಿಟ್ಟುಹೋಯಿತು. ಈ ಹುಡುಗಿಯ ಧಾರೆಗೆ ಸೋಬಾನೆ ಕೇಳಿಸದಿದ್ದರೆ ತಾನು ಎಂಥ ಅಪ್ಪ?

ಮಾರನೆಯ ದಿನ ಆತ ಆ ತಟ್ಟೆಯನ್ನು ಕಂಕುಳಲ್ಲಿ ಹಿಡಿದು ಬಸವೇಶನ ಅಂಗಡಿಯಲ್ಲಿ ಬಾಗಿಲಿನಷ್ಟು ದೊಡ್ಡ ಮಿಕ್ಸರಿನ ಮುಂದೆ ನಿಂತಿದ್ದ. ಅದರ ಬೆಲೆ ಕೊಟ್ಟರೆ ಮದುವೆ ಊಟದಲ್ಲಿ ಪಾಯಸ ಕೈಬಿಡಬೇಕಿತ್ತು. ಅಷ್ಟರಲ್ಲಿ ಆಫೀಸಿನಿಂದ ಸಾಹೇಬರ ಫೋನು ಬಂತು.

"ಪುಟ್ಟರಾಜು, ನಾಳೆ ಕಾರ್ಯಕ್ರಮಕ್ಕೆ ಇಬ್ಬರು ಅಧ್ಯಕ್ಷರೂ ಬರ್ತಾರಂತೆ ಕಣಯ್ಯ. ಇರೋದು ಒಂದೇ ಮೈಕು. ಇನ್ನೊಂದು ತರಿಸಲಾ?"

"ಬ್ಯಾಡಿ ಸಾ" ಎಂದ ಪುಟ್ಟರಾಜು, ಯೋಚನೆಯನ್ನೂ ಮಾಡದೆ. "ಮೈಕು ಎಲ್ಡು ಇದ್ರೇ ಜಗಳ. ಒಂದೇ ಇರ್ಲಿ ಸಾ, ಕುರ್ಚಿ ನಾನು ಹಾಕಿಸ್ತೀನಿ..."

ಅಂದವನು ಫೋನು ಹಿಡಿದುಕೊಂಡೇ ಕಲ್ಲಿನಂತೆ ನಿಂತ. ಸಾಹೇಬರು ಆ ಕಡೆಯಿಂದ ಹಲೋ ಹಲೋ ಎನ್ನುತ್ತಿದ್ದರು.

"ಬಸವೇಶಣ್ಣ! ಆ ಊಟದ ಡಬ್ಬಿ ಮಾರ್ಬುಟ್ಟಾ?"

"ಇಲ್ಲೇ ಐತಲ್ಲ ಸಾ."

"ಕೊಡು ಅದ್ನೇ! ಮಿಕ್ಕಿದ ದುಡ್ಡೂ ಕೊಡು!"

"ನಾನು ಮೊದ್ಲೇ ಯೋಳಿರ್ಲಿಲ್ವಾ ಸಾ?" ಎಂದು ಬಸವೇಶ ನಿಟ್ಟುಸಿರು ಬಿಟ್ಟ. ಆತ ಹೇಳಿದ್ದು ಎರಡು ಮೈಕಿನ ಲೆಕ್ಕ. ಪುಟ್ಟರಾಜುವಿನ ಲೆಕ್ಕ ಬೇರೆಯೇ ಇತ್ತು.

ಮುಂದಿನ ಭಾನುವಾರ ಹೆಂಗಸರು ಬಂದು ನೋಡುತ್ತಾರೆ, ಹಾಲಿನಲ್ಲಿ ಇರುವುದು ಒಂದೇ ಮೈಕು. ಅದೂ ಯಾರ ಮುಂದೆಯೂ ಇಲ್ಲ. ದೀಪಶ್ರೀ ಕೂಸಾಗಿದ್ದಾಗ ತೊಟ್ಟಿಲು ಕಟ್ಟಿದ್ದ ಕೊಂಡಿ ಸೂರಿನಲ್ಲಿತ್ತು, ಅದರಿಂದ ಇಳಿಬಿದ್ದಿತ್ತು. ಹೆಸರಿನ ಚೀಟಿ ಇಲ್ಲ, ಜಾರುವ ಬಟನ್ನಿಲ್ಲ, ಒಂದನೇ ನಂಬರಿಲ್ಲ. ಜಗಳ ತೆಗೆಯಲು ಏನೂ ಸಿಗದೆ ಅವರು ಕಂಗಾಲಾದರು. ಪುಟ್ಟರಾಜು ಅವರು ಸುಧಾರಿಸಿಕೊಳ್ಳುವುದಕ್ಕೆ ಬಿಡಲಿಲ್ಲ. ಆತನ ಬೆನ್ನು ನೆಟ್ಟಗಾಗಿತ್ತು, ದನಿ ವೇದಿಕೆಯ ದನಿಯಾಗಿತ್ತು.

"ಅಕ್ಕಯ್ಯ, ಮನೇಲಿರೋ ಕೈ ಕುರ್ಚಿ ಅದೊಂದೇ. ದೇವ್ರ ಮನೆ ಬಾಗ್ಲಲ್ಲಿ ಹಾಕ್ಸಿದ್ದೀನಿ. ಸೋದರತ್ತೆ ಬಿಟ್ಟು ಇನ್ಯಾರಾದ್ರೂ ಅಲ್ಲಿ ಕೂರೋಕಾಗ್ತದಾ?"

ಜಯಲಕ್ಷ್ಮಮ್ಮ ಸೆರಗು ಹೊದ್ದು ಮಹಾರಾಣಿಯ ಹಾಗೆ ನಡೆದು ಹೋಗಿ ಕೂತಳು. ಆ ಕುರ್ಚಿ ಮೈಕಿನಿಂದ ಎಷ್ಟು ದೂರ ಸಾಧ್ಯವೋ ಅಷ್ಟು ದೂರದಲ್ಲಿತ್ತು.

"ಅತ್ತಿಗೆ, ಈ ಕೊಂಡಿಗೆ ತೊಟ್ಟಿಲು ಕಟ್ಟಿ ಮಗೀನ ಮೊದ್ಲು ತೂಗಿದೋರು ನೀವು. ಅದರ ನೇರ ಕೆಳಗೆ, ಈ ಹೊಸಾ ಜಮಖಾನದ ಮೇಲೆ ನೀವೇ ಕೂರ್ಬೇಕು."

ನೀಲಾಂಬಿಕೆಯ ಕಣ್ಣು ತೇವವಾಯಿತು. ಮೈಕು ಅವಳ ನೆತ್ತಿಯ ಮೇಲೆ ಒಂದು ಗೇಣಿನಲ್ಲಿತ್ತು.

"ಚಿಕ್ಕವ್ವ, ನೀವು ಅಪ್ಪನ ಸರೀಕರು. ಅಪ್ಪನ ಫೋಟೋ ಕೆಳಗೆ ಬೆಂಚು ಹಾಕ್ಸಿದ್ದೀನಿ." ಮೂವರೂ ಒಟ್ಟಿಗೆ ಫೋಟೋಗೆ ಕೈ ಮುಗಿದು ಒಟ್ಟಿಗೆ ಕೂತರು. ನಾಗೇಶ್ ಮೇಷ್ಟ್ರಿಗೂ ಒಂದು ಕುರ್ಚಿ ಇತ್ತು. ಗೇಟಿನ ಆಚೆ. ತರಕಾರಿ ಗಾಡಿ, ಸ್ಕೂಟರು, ನಾಯಿ ಯಾವುದೂ ಸದ್ದು ಮಾಡದಂತೆ ನೋಡಿಕೊಳ್ಳುವ ಜವಾಬ್ದಾರಿ ಕೊಟ್ಟು, ಕೈಗೆ ಚಕ್ಲಿ ಡಬ್ಬವನ್ನೂ ಕೊಟ್ಟಿದ್ದ. "ಇಂಥಾ ಕೆಲ್ಸ ನನ್ಬಿಟ್ಟು ಯಾರ್ ಕೈಲಾಗ್ತದೆ?" ಎಂದು ಮೇಷ್ಟ್ರು ಬೀಗಿ ಕೂತಿದ್ದರು.

ಪುಟ್ಟರಾಜು ಈ ಸಲ ಹೆಡ್‌ಫೋನು ಕಿವಿಗೇ ಹಾಕಿಕೊಂಡ. ಜಯಲಕ್ಷ್ಮಮ್ಮನ ಗುಡುಗು ದೂರದಿಂದ ಬರುವಾಗ ಗಂಭೀರವಾಗಿ ಪಳಗಿ ಬಂತು. ನೀಲಾಂಬಿಕೆಯ ಎಳೆ ದನಿ ಹತ್ತಿರದಿಂದ ಇಂಪಾಗಿ ಇಳಿಯಿತು. ಚಿಕ್ಕಮ್ಮಂದಿರು ಗೋಡೆಯ ಕಡೆಯಿಂದ "ಸೋ" ಎಂದು ಎತ್ತಿಕೊಂಡರೆ ಮೈ ಜುಮ್ಮೆನ್ನುತ್ತಿತ್ತು. ಆತ ಡಬ್ಬಿಯ ಒಂದು ಬಟನ್ನನ್ನು ಒಂದೇ ಸಲ, ಕೂದಲೆಳೆಯಷ್ಟು ತಿರುಗಿಸಿದ. ಅದೂ ಬೇಕಿರಲಿಲ್ಲ, ಆದರೆ ಸೌಂಡ್ ಇಂಜಿನಿಯರ್ ಅಂದ ಮೇಲೆ ಏನಾದರೂ ತಿರುಗಿಸದಿದ್ದರೆ ಹೇಗೆ? ಅಡುಗೆಮನೆಯ ಬಾಗಿಲಲ್ಲಿ ನಿಂತ ದೀಪಶ್ರೀ ಬಾಯಿಗೆ ಕೈ ಅಡ್ಡ ಹಿಡಿದು ಅಳುತ್ತಲೇ ನಗುತ್ತಿದ್ದಳು.

ಮದುವೆಯ ದಿನ ಧಾರೆಯ ಹೊತ್ತಿಗೆ ಓಲಗ ನಿಂತು ಕಲ್ಯಾಣ ಮಂಟಪದ ಸ್ಪೀಕರುಗಳಲ್ಲಿ ಸೋಬಾನೆ ಎದ್ದಿತು. ಊಟದ ಮನೆಗೆ ಹೊರಟವರು ಅಲ್ಲಲ್ಲೇ ನಿಂತರು. ಬೀಗರ ಕಡೆಯ ಮುದುಕಿಯರು ತಾವೂ ಸೊಲ್ಲಿಗೆ ದನಿಗೂಡಿಸಿದರು, ಆಮೇಲೆ ಇಡೀ ಮಂಟಪದ ಹೆಂಗಸರು. ಹಸೆಯ ಮೇಲಿದ್ದ ದೀಪಶ್ರೀ ತಲೆಯೆತ್ತಿ ಅಪ್ಪನನ್ನು ನೋಡಿದಳು. ಆ ನೋಟಕ್ಕೆ ಪುಟ್ಟರಾಜು ಇನ್ನೂ ಹತ್ತು ಮೀಸೆಗಳನ್ನು ಪಣಕ್ಕಿಡಲು ಸಿದ್ಧನಿದ್ದ.

ಕಳಸ ಹಿಡಿದಿದ್ದ ಜಯಲಕ್ಷ್ಮಮ್ಮ ಪಕ್ಕದವರಿಗೆ ಪಿಸುಗುಟ್ಟಿದಳು. ಅವಳ ಪಿಸುಮಾತು ಇಡೀ ಹಾಲಿಗೆ ಕೇಳಿಸಿತು. "ನೋಡ್ದಾ, ನನ್ ಗಂಟ್ಲೇ ಎದ್ದು ಕೇಳ್ತೈತೆ!" ನೀಲಾಂಬಿಕೆ ತಂಗಿಯ ಕಿವಿಯಲ್ಲಿ, "ನಂದೇ ಅಲ್ವೇನೇ ಮುಂದೆ ಬರ್ತಿರೋದು?" ಎಂದಳು. ಹಿಂದಿನ ಸಾಲಿನಲ್ಲಿ ಚಿಕ್ಕಮ್ಮಂದಿರು ಮೂವರೂ ಒಟ್ಟಿಗೆ, "ನಾವಿಲ್ದೆ ಓಗಿದ್ರೆ ಏನಿತ್ತು ಈ ಹಾಡ್ನಾಗೆ?" ಎಂದರು. ಬೀಗರು ಪುಟ್ಟರಾಜುವಿನ ಕೈ ಹಿಡಿದು, ಯಾವ ಸ್ಟುಡಿಯೋದಲ್ಲಿ ಮಾಡಿಸಿದಿರಿ ಎಂದು ಕೇಳಿದರು. ಆತ ಮೀಸೆ ತೀಡಿ, "ಸ್ವಂತದ್ದು" ಎಂದ.

ಮೊದಲ ಪಂಕ್ತಿ ಎದ್ದಿತು. ರಜನೀಶ ಒಳ್ಳೆಯ ರೇಷ್ಮೆ ಪಂಚೆಯನ್ನು ಮೇಲಕ್ಕೆ ಕಟ್ಟಿ, ಮುಖ ಅತ್ತ ತಿರುಗಿಸಿಕೊಂಡು, ಎಲೆ ಮಡಿಸಿ ಮಡಿಸಿ ಬುಟ್ಟಿಗೆ ಹಾಕತೊಡಗಿದ. ಬಂಧುಗಳೆಲ್ಲ ನೋಡಲು ಬಂದು ನಿಂತರು. ನಾಗೇಶ್ ಮೇಷ್ಟ್ರು ಎರಡನೇ ಸಲ ಊಟಕ್ಕೆ ಕೂತರು, ಅವನಿಗೆ ಎತ್ತಲು ಇನ್ನೊಂದು ಎಲೆಯಾಗಲಿ ಎಂದು. ಎರಡು ಸಾಲು ಎತ್ತುವಷ್ಟರಲ್ಲಿ ಪುಟ್ಟರಾಜುವಿಗೇ ಮನಸ್ಸು ಕರಗಿ, "ಸಾಕು ಬಾರಯ್ಯ, ಕೈ ತೊಳ್ಕೊ" ಎಂದು ಕರೆದು ತನ್ನ ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡ.

ರಜನೀಶ ಕೈ ಒರೆಸಿಕೊಂಡು ಅತ್ತಿತ್ತ ನೋಡಿ ದನಿ ತಗ್ಗಿಸಿದ.

"ಅಣ್ಣ, ತಪ್ಪು ತಿಳ್ಕಬೇಡಿ. ನಮ್ಮ ಪಟ್ಣದ ಮನೇಲೂ ಇಂಗೇ ಒಂದು ರೆಕಾರ್ಡಿಂಗ್ ಮಾಡಾನ ಅಂತ. ಯಾವ ಮಿಕ್ಸರ್ ತಗಳ್ಳಿ, ನೀವೇ ಒಂದು ಯೋಳ್ಬುಡಿ."

ಪುಟ್ಟರಾಜು ಎರಡು ಕೈಯಲ್ಲೂ ಮೀಸೆ ಹುರಿಮಾಡಿದ. ಆಮೇಲೆ ಬಹಳ ದೊಡ್ಡ ಗುಟ್ಟು ಹೇಳುವವನಂತೆ ಮುಂದಕ್ಕೆ ಬಾಗಿದ.

"ಮಿಕ್ಸರ್ ಆಮ್ಯಾಕೆ ನೋಡಾನ ಕಣಯ್ಯ. ಮೊದ್ಲು ಯೋಳು, ನಿಮ್ಮ ಕಡೆ ಅತ್ತೆದೀರು ಎಷ್ಟು ಜನ ಅವ್ರೆ, ಮನೇಲಿ ಕುರ್ಚಿ ಎಷ್ಟವೆ?"